ಹಳೆಯ ಕಾರಿಗೆ ಯಾವ ಎಣ್ಣೆ? ಡಬ್ಬ ಕೊಳ್ಳುವ ಮೊದಲು ಸಂಪ್ ಬಿಚ್ಚಿ ನೋಡಿ

ಹಳೆಯ ಕಾರು ಇಟ್ಟುಕೊಂಡವರು ನನಗೆ ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಅಚ್ಚಿನವು. ಕಾರು 1955ರದ್ದು, 20ಡಬ್ಲ್ಯು-50 ಹಾಕಲೇ, ಕೈಪಿಡಿಯಲ್ಲಿ ಬರೆದಂತೆ ಎಸ್‌ಎಇ 30 ಹಾಕಲೇ (ಎರಡೂ ಎಣ್ಣೆಯ ಮಂದತೆಯ ದರ್ಜೆಗಳು), ಖರ್ಚಾದರೆ ಆಗಲಿ ಎಂದು ಸಿಂಥೆಟಿಕ್ ಸುರಿದುಬಿಡಲೇ? ಇಸವಿಯೊಂದನ್ನೇ ಹೇಳಿದರೆ ನನ್ನ ಬಳಿ ಉತ್ತರವಿರುವುದಿಲ್ಲ. ಒಂದೇ ಇಸವಿಯ ಎರಡು ಕಾರುಗಳಲ್ಲಿ ಒಂದರ ಎಂಜಿನ್ನನ್ನು ಈಚೆಗೆ ಪೂರ್ತಿ ಬಿಚ್ಚಿ ಕಟ್ಟಿರಬಹುದು, ಇನ್ನೊಂದರ ಸಂಪನ್ನು (ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ) ದಶಕಗಳಿಂದ ಯಾರೂ ಮುಟ್ಟದೇ ಇರಬಹುದು. ಮೊದಲನೆಯದಕ್ಕೆ ಹೇಳಿ ಮಾಡಿಸಿದಂತಿರುವ ಎಣ್ಣೆ ಎರಡನೆಯದರ ಬೇರಿಂಗುಗಳನ್ನು ಕೆಲವೇ ದಿನಗಳಲ್ಲಿ ಹಾಳುಗೆಡವಬಲ್ಲದು. ಬ್ರಾಂಡ್ ಯಾವುದು ಎಂಬುದು ಕಟ್ಟಕಡೆಯ ಪ್ರಶ್ನೆ.

ಎಂಜಿನ್ನಿನಲ್ಲಿ ನೋಡಬೇಕಾದದ್ದು

ಮೊದಲಿಗೆ, ಎಣ್ಣೆ ಬೇರಿಂಗನ್ನು ತಲುಪುವ ದಾರಿ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಎಂಜಿನ್ನಿನಲ್ಲಿ ಆಯಿಲ್ ಪಂಪೇ ಇಲ್ಲ. ಫ್ಲೈವೀಲ್ ತಿರುಗುತ್ತ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಅದರಲ್ಲಿ ಒಂದು ಪಾಲು ಸಣ್ಣ ಕೊಳವೆಯೊಳಗೆ ಬಿದ್ದು ಮುಂಭಾಗದ ಗಿಯರುಗಳತ್ತ ಹರಿಯುತ್ತದೆ. ಹಿಂದಿರುಗುವಾಗ ಕನೆಕ್ಟಿಂಗ್ ರಾಡುಗಳ ಕೆಳಗಿನ ಗುಳಿಗಳನ್ನು ತುಂಬುತ್ತದೆ. ರಾಡು ಪ್ರತಿ ಸುತ್ತಿಗೂ ಗುಳಿಯಲ್ಲಿ ಅದ್ದಿ ಏಳುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಎಣ್ಣೆ ತಾನಾಗಿ ಹರಿಯುವುದರ ಮೇಲೆ, ಆದ್ದರಿಂದ ಇಲ್ಲಿ ಮಂದ ಎಣ್ಣೆಗೆ ಜಾಗವಿಲ್ಲ. ಷೆವ್ರೊಲೆಯ ಆರು ಸಿಲಿಂಡರ್ ಎಂಜಿನ್ನು ಕೂಡ ರಾಡ್ ಬೇರಿಂಗುಗಳ ಮಟ್ಟಿಗೆ 1950ರ ದಶಕದ ಆರಂಭದವರೆಗೂ ಎರಚು ಪದ್ಧತಿಯನ್ನೇ ನೆಚ್ಚಿಕೊಂಡಿತ್ತು. ಪಂಪಿನ ಒತ್ತಡದಿಂದ ಎಲ್ಲ ಬೇರಿಂಗುಗಳಿಗೂ ಎಣ್ಣೆ ಹೋಗುವ ಎಂಜಿನ್ನು ನಿಮ್ಮದಾದರೆ ಆಯ್ಕೆಯ ವ್ಯಾಪ್ತಿ ದೊಡ್ಡದು.

ಎರಡನೆಯದು ಫಿಲ್ಟರ್. ಕೆಲವು ಎಂಜಿನ್ನುಗಳಲ್ಲಿ ಫಿಲ್ಟರೇ ಇಲ್ಲ; ಗಾಳಿಯಿಂದ ತಂಪಾಗುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇರುವುದು ತಂತಿಬಲೆಯ ಜರಡಿ ಮಾತ್ರ. ಬೈಪಾಸ್ ಫಿಲ್ಟರಿನಲ್ಲಿ ಪಂಪಿನಿಂದ ಹೊರಟ ಎಣ್ಣೆಯ ಸಣ್ಣ ಪಾಲು ಮಾತ್ರ ಸೋಸಿ ಸಂಪಿಗೆ ಹಿಂದಿರುಗುತ್ತದೆ, ಉಳಿದದ್ದು ಸೋಸದೆಯೇ ಬೇರಿಂಗಿಗೆ ಹೋಗುತ್ತದೆ. ಎರಡನೆಯ ಮಹಾಯುದ್ಧದ ನಂತರ ರೂಢಿಗೆ ಬಂದ ಪೂರ್ಣ ಹರಿವಿನ ಫಿಲ್ಟರಿನಲ್ಲಿ ಎಲ್ಲ ಎಣ್ಣೆಯೂ ಬೇರಿಂಗಿಗಿಂತ ಮೊದಲು ಸೋಸುತ್ತದೆ. ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದು ಡಿಟರ್ಜೆಂಟ್ (ಕೊಳೆಯನ್ನು ಕಳಚಿ ಎಣ್ಣೆಯಲ್ಲೇ ತೇಲಿಸಿಡುವ ರಾಸಾಯನಿಕ) ಇರುವ ಎಣ್ಣೆಯ ವಿಚಾರದಲ್ಲಿ ನಿರ್ಣಾಯಕವಾಗುತ್ತದೆ.

ಮೂರನೆಯದು ಕ್ಯಾಮ್ ಮತ್ತು ಟ್ಯಾಪೆಟ್, ಅಂದರೆ ವಾಲ್ವುಗಳನ್ನು ತೆರೆಸುವ ಉಬ್ಬುಗಳ ದಂಡ ಮತ್ತು ಆ ಉಬ್ಬು ಒತ್ತುವ ತುಂಡು. ಹಳೆಯ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಚಪ್ಪಟೆ ಮುಖದ ಟ್ಯಾಪೆಟ್ ಇರುತ್ತದೆ. ಕ್ಯಾಮಿನ ಉಬ್ಬು ಅದರ ಮೇಲೆ ಉರುಳುವುದಿಲ್ಲ, ಉಜ್ಜಿಕೊಂಡು ಹೋಗುತ್ತದೆ. ವಾಲ್ವ್ ಸ್ಪ್ರಿಂಗಿನ ಬಲವೆಲ್ಲ ಕೂದಲೆಳೆಯಷ್ಟು ಜಾಗದಲ್ಲಿ ಬೀಳುವುದರಿಂದ ಎಣ್ಣೆಯ ಪದರ ಅಲ್ಲಿ ನಿಲ್ಲುವುದಿಲ್ಲ. ಆಗ ಲೋಹವನ್ನು ಕಾಯುವುದು ಎಣ್ಣೆಯಲ್ಲಿ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತ, ಅಂದರೆ ಝೆಡ್‌ಡಿಡಿಪಿ. ಉಜ್ಜುವ ಶಾಖಕ್ಕೆ ಅದು ಒಡೆದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ಸವೆಯುವುದು ಆ ಪೊರೆ, ಕ್ಯಾಮ್ ಉಳಿಯುತ್ತದೆ.

ನಾಲ್ಕನೆಯದನ್ನು ಕಣ್ಣಿನಿಂದಲೇ ನೋಡಬೇಕು. ಎಂಜಿನ್ ಬಿಸಿಯಿದ್ದಾಗ ಎಣ್ಣೆ ಬಸಿದು, ತಣಿದ ಮೇಲೆ ಸಂಪ್ ಇಳಿಸಿ, ತಳವನ್ನು ಸ್ಕ್ರೂಡ್ರೈವರಿನ ತುದಿಯಿಂದ ಗೀರಿ. ಲೋಹ ತಕ್ಷಣ ಹೊಳೆದರೆ ಆ ಎಂಜಿನ್ನಿಗೆ ಈವರೆಗೆ ಡಿಟರ್ಜೆಂಟ್ ಎಣ್ಣೆಯೇ ಬಿದ್ದಿದೆ ಎಂದು ಊಹಿಸಬಹುದು. ತುದಿ ಕಪ್ಪು ಮಡ್ಡಿಯಲ್ಲಿ ಹೂತು, ಗೀರಿದ ಗೆರೆ ಕೂಡಿಕೊಳ್ಳದೆ ಹಾಗೇ ನಿಂತರೆ ಅದು ಹತ್ತಾರು ವರ್ಷಗಳ ಶೇಖರಣೆ. ಪಂಪಿನ ಬಾಯಿಗಿರುವ ಜರಡಿಯನ್ನೂ ನೋಡಿ. ಅದರ ಕಣ್ಣುಗಳು ಅರ್ಧ ಮುಚ್ಚಿದ್ದರೆ ಯಾವ ಎಣ್ಣೆ ಎಂಬ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಜರಡಿ ತೊಳೆಯಿರಿ.

ಇನ್ನುಳಿದವು ಎರಡು: ಸೀಲುಗಳು ಯಾವ ವಸ್ತುವಿನವು, ಕಾರು ಎಷ್ಟು ಓಡುತ್ತದೆ. ಹಗ್ಗದ ಸೀಲು, ಕಾರ್ಕ್ ಗ್ಯಾಸ್ಕೆಟ್‌ಗಳು ಸ್ವಲ್ಪ ಜಿನುಗುವುದನ್ನು ಲೆಕ್ಕಕ್ಕೆ ಹಿಡಿದೇ ಅವನ್ನು ಅಳವಡಿಸಿದ್ದು. ಓಡಾಟದ ಬಗ್ಗೆ ಹೇಳುವುದಾದರೆ, ದಿನವೂ ದೂರ ಓಡುವ ಕಾರಿಗಿಂತ ತಿಂಗಳಿಗೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಕಾರಿನ ಎಣ್ಣೆ ಬೇಗ ಕೆಡುತ್ತದೆ.

ಎಣ್ಣೆಗಳ ಹೋಲಿಕೆ

ಡಿಟರ್ಜೆಂಟ್ ಇಲ್ಲದ ಏಕಶ್ರೇಣಿ (ಮಂದತೆಗೆ ಒಂದೇ ಅಂಕಿಯಿರುವ) ಎಣ್ಣೆ. ಇದರಲ್ಲಿ ಮಸಿ ಮತ್ತು ಕೊಳೆ ತೇಲುವುದಿಲ್ಲ, ತಳಕ್ಕೆ ಇಳಿದು ಕೂರುತ್ತದೆ. ಫಿಲ್ಟರ್ ಇಲ್ಲದ ಕಾಲದಲ್ಲಿ ಬೇಕಾಗಿದ್ದುದೂ ಅದೇ: ಕೊಳೆ ಸಂಪಿನಲ್ಲಿ ಬಿದ್ದಿರಲಿ, ಬೇರಿಂಗಿಗೆ ಹೋಗದಿರಲಿ. ಒಳಗೆ ಮಡ್ಡಿ ಇದೆ, ಸದ್ಯಕ್ಕೆ ಬಿಚ್ಚಲು ಆಗುವುದಿಲ್ಲ, ಅಪರೂಪಕ್ಕೆ ಓಡಿಸುತ್ತೇವೆ ಎನ್ನುವವರು ಇದನ್ನೇ ಮುಂದುವರಿಸುವುದು ಕ್ಷೇಮ. ಆದರೆ ಕೊಳೆ ಬೆಳೆಯುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಮತ್ತೊಂದು ಎಚ್ಚರಿಕೆ: ಯಾವ ರಾಸಾಯನಿಕವನ್ನೂ ಬೆರೆಸದ, ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್) ವರ್ಗೀಕರಣದಲ್ಲಿ ಎಸ್‌ಎ ಎಂದು ಗುರುತಿಸಿದ ಎಣ್ಣೆ 1930ರ ನಂತರದ ಹೆಚ್ಚಿನ ಪೆಟ್ರೋಲ್ ಎಂಜಿನ್ನುಗಳಿಗೆ ಸಲ್ಲದು ಎಂದು ಆ ಸಂಸ್ಥೆಯೇ ಹೇಳುತ್ತದೆ. ಡಬ್ಬದ ಮೇಲೆ ‘ವಿಂಟೇಜ್’ ಎಂದು ಬರೆದ ಮಾತ್ರಕ್ಕೆ 1960ರ ಕಾರಿಗೆ ಅದು ಒಗ್ಗಿಬಿಡುವುದಿಲ್ಲ.

ಅಲ್ಪ ಡಿಟರ್ಜೆಂಟ್ ಇರುವ ಏಕಶ್ರೇಣಿ ಎಣ್ಣೆ, ಎಸ್‌ಎಇ 30 ಅಥವಾ 40. ಕೈಪಿಡಿ ಹೇಳಿದ ಸ್ನಿಗ್ಧತೆ (ಮಂದತೆ), ಜೊತೆಗೆ ಕ್ಯಾಮನ್ನು ಕಾಯುವ ರಾಸಾಯನಿಕ. ಬೈಪಾಸ್ ಫಿಲ್ಟರ್ ಇರುವ, ಸಂಪ್ ಸ್ವಚ್ಛವಾಗಿರುವ, ಬೆಚ್ಚನೆಯ ಹವೆಯಲ್ಲಿ ಓಡುವ ಎಂಜಿನ್ನಿಗೆ ಇದಕ್ಕಿಂತ ನಿಶ್ಚಿಂತೆಯ ಆಯ್ಕೆ ಕಡಿಮೆ. ಚಳಿಯಲ್ಲಿ ಸ್ಟಾರ್ಟ್ ಮಾಡುವವರಿಗೆ ಮಾತ್ರ ತೊಂದರೆ. ತಣ್ಣಗಿರುವಾಗ ಎಣ್ಣೆ ಮಂದವಾಗಿ, ಮೇಲಿನ ರಾಕರುಗಳಿಗೆ ತಲುಪುವಷ್ಟರಲ್ಲಿ ಎಂಜಿನ್ ಒಣಗಿಯೇ ಓಡಿರುತ್ತದೆ.

ಬಹುಶ್ರೇಣಿಯ (ಚಳಿಗೊಂದು, ಬಿಸಿಗೊಂದು ಅಂಕಿಯಿರುವ) ಖನಿಜ ಎಣ್ಣೆ. ಹೆಚ್ಚಿನ ಜನ ಕೊನೆಗೆ ಬಂದು ನಿಲ್ಲುವುದು 20ಡಬ್ಲ್ಯು-50ರಲ್ಲಿ. ಇದರ ಬಗ್ಗೆ ಎರಡು ತಪ್ಪು ಕಲ್ಪನೆಗಳಿವೆ.

ಮೊದಲನೆಯದು ಅಂಕಿಗಳ ಗೊಂದಲ. ‘20ಡಬ್ಲ್ಯು’ ಎಂಬುದು ಚಳಿಯಲ್ಲಿನ ನಡವಳಿಕೆ, ‘50’ ಎಂಬುದು ಬಿಸಿಯಲ್ಲಿನ ಮಂದತೆ. ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಇ 30ರ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರುತ್ತದೆ, 50ರದ್ದು 16.3ರಿಂದ 21.9ರ ಒಳಗೆ. ಹೀಗಾಗಿ ಕೈಪಿಡಿ 30 ಎಂದಿರುವಲ್ಲಿ 20ಡಬ್ಲ್ಯು-50 ಹಾಕುವುದೆಂದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಮಂದವಾದ ಎಣ್ಣೆ ಹಾಕಿದಂತೆ. ಸವೆದು ಸಡಿಲವಾದ ಎಂಜಿನ್ನಿಗೆ ಅದು ಒಳ್ಳೆಯದೇ. ಒತ್ತಡ ನಿಲ್ಲುತ್ತದೆ, ಹೊಗೆ ತಗ್ಗುತ್ತದೆ. ಹೊಸದಾಗಿ ಕಟ್ಟಿದ, ಸಂದು ಬಿಗಿಯಿರುವ ಎಂಜಿನ್ನಿಗೆ ಹಾಕಿದರೆ ಮಾಪಕದ ಮುಳ್ಳು ಮೇಲೆ ಹೋಗಿ ಮಾಲೀಕ ಹಿಗ್ಗುತ್ತಾನೆ. ಆದರೆ ಬೇರಿಂಗನ್ನು ಉಳಿಸುವುದು ಎಣ್ಣೆಯ ಹರಿವು, ಮಾಪಕದ ಒತ್ತಡವಲ್ಲ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದುಕೊಂಡು, ಬೇರಿಂಗಿಗೆ ಹೋಗಬೇಕಾದ ಎಣ್ಣೆ ಸಂಪಿಗೆ ವಾಪಸಾಗುತ್ತದೆ. ಅಂಥ ಎಂಜಿನ್ನಿಗೆ 10ಡಬ್ಲ್ಯು-30 ಅಥವಾ 10ಡಬ್ಲ್ಯು-40 ಹೆಚ್ಚು ಹೊಂದುತ್ತದೆ.

ಎರಡನೆಯದು, ಇಂದಿನ ಎಣ್ಣೆಗಳಲ್ಲಿ ಸತುವೇ ಇಲ್ಲ, ಎಲ್ಲವೂ ಕ್ಯಾಮನ್ನು ತಿನ್ನುತ್ತವೆ ಎಂಬ ಕೂಗು. ಇದು ಅರ್ಧ ಸತ್ಯ. ರಂಜಕವು ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆಂಬ ಕಾರಣಕ್ಕೆ 2004ರಲ್ಲಿ ಬಂದ ಎಪಿಐ ಎಸ್‌ಎಂ ವರ್ಗ ಅದರ ಪ್ರಮಾಣವನ್ನು ಶೇ 0.08ಕ್ಕೆ ಇಳಿಸಿತು. ಆ ಮಿತಿ ಅನ್ವಯಿಸುವುದು 5ಡಬ್ಲ್ಯು-30, 10ಡಬ್ಲ್ಯು-30 ಮುಂತಾದ ತೆಳು ಎಣ್ಣೆಗಳಿಗೆ. 10ಡಬ್ಲ್ಯು-40, 20ಡಬ್ಲ್ಯು-50 ಅದರ ಹೊರಗಿವೆ. ತಯಾರಕ ತಾನಾಗಿಯೇ ಕಡಿಮೆ ಮಾಡಿರಬಹುದು, ಅದಕ್ಕೇ ಡಬ್ಬದ ಮುಂದಿನ ಚಿತ್ರ ನೋಡುವ ಬದಲು ತಾಂತ್ರಿಕ ವಿವರಪತ್ರ ತೆರೆದು ರಂಜಕದ ಸಾಲನ್ನು ಹುಡುಕಿ. ಚಪ್ಪಟೆ ಟ್ಯಾಪೆಟ್ಟಿಗೆ ಶೇ 0.10ರಿಂದ 0.12 ಇದ್ದರೆ ಸಾಕು. ಮೇಲೆ ಹೇಳಿದ 10ಡಬ್ಲ್ಯು-30ನ್ನು ಆರಿಸುವವರು ಈ ಕಾರಣಕ್ಕೇ ಹಳೆಯ ಕಾರುಗಳಿಗೆಂದು ತಯಾರಿಸಿದ ಡಬ್ಬವನ್ನು ಹುಡುಕಬೇಕು.

ಅಂದಹಾಗೆ, 1959ರಲ್ಲಿ ಬಂದ ಮಿನಿ ಕಾರಿನವರು ಇನ್ನೊಂದು ಸಂಗತಿ ಗಮನಿಸಬೇಕು. ಅಲ್ಲಿ ಗಿಯರ್‌ಬಾಕ್ಸ್ ಸಂಪಿನೊಳಗೇ ಇದ್ದು, ಎಂಜಿನ್ ಎಣ್ಣೆಯಲ್ಲೇ ತಿರುಗುತ್ತದೆ. ಬಹುಶ್ರೇಣಿ ಎಣ್ಣೆಯಲ್ಲಿ ಸ್ನಿಗ್ಧತೆ ಕಾಪಾಡುವ ಉದ್ದನೆಯ ಪಾಲಿಮರ್ ಎಳೆಗಳನ್ನು ಗಿಯರಿನ ಹಲ್ಲುಗಳು ಕತ್ತರಿಸಿಹಾಕುತ್ತವೆ, 50 ಇದ್ದ ಎಣ್ಣೆ ಬರಬರುತ್ತ 40ರಂತೆ ವರ್ತಿಸತೊಡಗುತ್ತದೆ. ಅಲ್ಲಿ ಉತ್ತಮ ಎಣ್ಣೆಗಿಂತ ಬೇಗ ಬದಲಾಯಿಸುವ ಅಭ್ಯಾಸ ಮುಖ್ಯ.

ಡೀಸೆಲ್ ಎಂಜಿನ್ನಿನ 15ಡಬ್ಲ್ಯು-40. ಸುಲಭವಾಗಿ ಸಿಗುತ್ತದೆ, ದೊಡ್ಡ ಡಬ್ಬಗಳಲ್ಲಿ ಅಗ್ಗವಾಗಿಯೂ ಸಿಗುತ್ತದೆ, ರಂಜಕದ ಮಟ್ಟ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಡೀಸೆಲ್ ಎಣ್ಣೆಗೆ ಎಪಿಐ 2006ರಲ್ಲಿ ತಂದ ಸಿಜೆ-4 ವರ್ಗ ಕೂಡ ಶೇ 0.12ರವರೆಗೆ ಅವಕಾಶ ಕೊಟ್ಟಿತ್ತು. ಬಜೆಟ್ ಬಿಗಿ ಇದ್ದು, ಸಂಪ್ ಸ್ವಚ್ಛವಾಗಿದ್ದು, ಪೂರ್ಣ ಹರಿವಿನ ಫಿಲ್ಟರ್ ಇದ್ದರೆ ಇದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಡೀಸೆಲ್ ಮಸಿಯನ್ನು ಹಿಡಿದಿಡಲೆಂದು ಇದರಲ್ಲಿ ಡಿಟರ್ಜೆಂಟ್ ಧಾರಾಳವಾಗಿರುತ್ತದೆ. ಮಡ್ಡಿ ತುಂಬಿದ ಎಂಜಿನ್ನಿಗೆ ಇದನ್ನು ಸುರಿಯುವುದು ಇರುವ ಆಯ್ಕೆಗಳಲ್ಲೆಲ್ಲ ಅತಿ ಕೆಟ್ಟದ್ದು. ಸಡಿಲಗೊಂಡ ಮಡ್ಡಿ ಹೋಳುಹೋಳಾಗಿ ಪಂಪಿನ ಜರಡಿಗೆ ಬಂದು ಅಂಟಿಕೊಳ್ಳುತ್ತದೆ.

ಪೂರ್ಣ ಸಿಂಥೆಟಿಕ್. ಗುಣದಲ್ಲಿ ಎಲ್ಲಕ್ಕಿಂತ ಮೇಲು ಎಂಬುದರಲ್ಲಿ ಅನುಮಾನವಿಲ್ಲ: ಚಳಿಯಲ್ಲಿ ಬೇಗ ಹರಿಯುತ್ತದೆ, ಬಿಸಿಯಲ್ಲಿ ಒಡೆಯುವುದಿಲ್ಲ. ‘ಸಿಂಥೆಟಿಕ್ ಹಾಕಿದರೆ ಸೋರುತ್ತದೆ’ ಎಂಬ ದೂರಿನಲ್ಲಿ ತಪ್ಪು ಬಹುಪಾಲು ಎಣ್ಣೆಯದಲ್ಲ. ಹಳೆಯ ಸೀಲಿನ ಬಿರುಕನ್ನು ಅಷ್ಟು ದಿನ ಮುಚ್ಚಿಟ್ಟಿದ್ದ ಜಿಡ್ಡನ್ನು ಅದು ತೊಳೆದುಬಿಡುತ್ತದೆ. ಆದರೂ ಹಗ್ಗದ ಸೀಲಿನ ಎಂಜಿನ್ನಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾರಣ ಸೋರಿಕೆಗಿಂತ ಲೆಕ್ಕಾಚಾರದ್ದು. ಸಿಂಥೆಟಿಕ್ಕಿಗೆ ಕೊಡುವ ದುಬಾರಿ ಹಣ ವಸೂಲಾಗುವುದು ಅದನ್ನು ಬಹಳ ಕಾಲ ಬದಲಾಯಿಸದೆ ಓಡಿಸಿದರೆ. ಹಳೆಯ ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಎಣ್ಣೆ ಹಳತಾಗಿ ಕೆಡುವ ಮೊದಲೇ ಪೆಟ್ರೋಲು, ನೀರು, ಆಮ್ಲ ಬೆರೆತು ಕೆಡುತ್ತದೆ. ಸಿಂಥೆಟಿಕ್ ಆದರೂ ಆರು ತಿಂಗಳಿಗೋ ವರ್ಷಕ್ಕೋ ಬಸಿಯಲೇಬೇಕು. ನಾಲ್ಕು ಲೀಟರ್ ಹಿಡಿಯುವ ಎಂಜಿನ್ನಿಗೆ ಸಾಧಾರಣ ಖನಿಜ ಎಣ್ಣೆಯನ್ನು ವರ್ಷಕ್ಕೆ ಎರಡು ಬಾರಿ ಹಾಕಿದರೆ ಎಂಟು ಲೀಟರ್, ಸಿಂಥೆಟಿಕ್ಕನ್ನು ಒಂದು ಬಾರಿ ಹಾಕಿದರೆ ನಾಲ್ಕು. ಎರಡರ ಖರ್ಚು ಸಮವಾದರೂ ನನ್ನ ಮತ ಎಂಟು ಲೀಟರಿಗೇ. ಹಿಮ ಬೀಳುವ ಕಡೆ ಓಡಿಸುವವರು, ಆಧುನಿಕ ಸೀಲುಗಳೊಂದಿಗೆ ಎಂಜಿನ್ ಕಟ್ಟಿಸಿ ದೂರದ ವೇಗದ ಪಯಣಕ್ಕೆ ಹೊರಡುವವರು ಮಾತ್ರ ಈ ಮಾತಿಗೆ ಹೊರತು.

ಇನ್ನು ಝೆಡ್‌ಡಿಡಿಪಿಯ ಪುಟ್ಟ ಶೀಶೆಗಳು. ಬೇರೆ ಎಣ್ಣೆ ಸಿಗದ ಕಡೆ ಇವು ಕೆಲಸಕ್ಕೆ ಬರುತ್ತವೆ. ಅಗತ್ಯಕ್ಕಿಂತ ಹೆಚ್ಚು ಸುರಿದರೆ ರಕ್ಷಣೆ ಹೆಚ್ಚುವುದಿಲ್ಲ, ಅತಿಯಾದರೆ ಸವಕಳಿಯೇ ಹೆಚ್ಚುತ್ತದೆ. ರೇಸಿಂಗ್‌ನವರ ಹರಳೆಣ್ಣೆಯ ಬಗ್ಗೆ ಕೇಳುವವರೂ ಇದ್ದಾರೆ. ಅದರ ಪರಿಮಳಕ್ಕೆ ನಾನೂ ಮನಸೋತವನೇ, ಆದರೆ ಖನಿಜ ಎಣ್ಣೆಯೊಂದಿಗೆ ಅದು ಸರಿಯಾಗಿ ಬೆರೆಯುವುದಿಲ್ಲ, ನಿಂತಲ್ಲಿ ಅಂಟಾಗುತ್ತದೆ. ರಸ್ತೆಯ ಕಾರಿಗೆ ಬೇಡ.

ಎಂಜಿನ್ನಿನ ಉಸಿರಾಟ

ಎಣ್ಣೆಯ ಬಗ್ಗೆ ಗಂಟೆಗಟ್ಟಲೆ ವಾದಿಸುವವರು ಕ್ರ್ಯಾಂಕ್‌ಕೇಸಿನ (ಪಿಸ್ಟನ್ನುಗಳ ಕೆಳಗಿನ, ಎಂಜಿನ್ನಿನ ತಳದ ಗೂಡಿನ) ಗಾಳಿಕೊಳವೆಯನ್ನು ನೋಡುವುದೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರಿನಿಂದ ಹೋಗುತ್ತದೆ, ಒಂದಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾಯದೆ ನಿಂತುಬಿಟ್ಟರೆ ಆ ಆವಿ ಒಳಗೇ ತಣಿದು ಎಣ್ಣೆಯೊಂದಿಗೆ ಕಡೆದುಕೊಳ್ಳುತ್ತದೆ. ಎಣ್ಣೆ ತುಂಬುವ ಮುಚ್ಚಳದ ಒಳಮೈಗೆ ಬೆಣ್ಣೆಯಂಥ ಹಳದಿ ಪದಾರ್ಥ ಮೆತ್ತಿಕೊಳ್ಳುವುದು ಹೀಗೆ. ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗುವ ಮೊದಲು ಅರ್ಧ ಗಂಟೆ ಬಿಸಿಯಾಗಿ ಓಡಿಸಿ, ಒರೆಸಿ, ಮತ್ತೆ ನೋಡಿ. ರೇಡಿಯೇಟರಿನ ನೀರು ಇಳಿಯದೆ ಇದ್ದರೆ ದೋಷ ಬಹುಪಾಲು ಉಸಿರಾಟದ್ದೇ.

ಇಲ್ಲಿ ಆಯ್ಕೆ ಮೂರು. ಮೂಲ ಕೊಳವೆಯನ್ನೇ ಇಟ್ಟುಕೊಳ್ಳಬಹುದು: ಕಾರಿನ ಅಡಿಗೆ ಇಳಿಬಿಟ್ಟ ಈ ಕೊಳವೆಯ ತುದಿಯಲ್ಲಿ ಗಾಳಿ ಬೀಸಿದಾಗ ಹೀರುವಿಕೆ ಉಂಟಾಗಿ ಒಳಗಿನ ಅನಿಲ ಹೊರಬರುತ್ತದೆ. ಕಾರು ನಿಂತು ಎಂಜಿನ್ ಓಡುತ್ತಿರುವಾಗ ಹೀರುವಿಕೆ ಇಲ್ಲವೇ ಇಲ್ಲ. ಹೆದ್ದಾರಿಯಲ್ಲಿ ಓಡಿಸುವವರಿಗೆ, ಮೂಲಸ್ಥಿತಿ ಕೆಡಬಾರದು ಎನ್ನುವವರಿಗೆ ಇದು ಸರಿ. ಒಳಬರುವ ಗಾಳಿಯನ್ನು ಸೋಸುವ ಮುಚ್ಚಳದ ತಂತಿಜಾಲವನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆಯಲ್ಲಿ ಅದ್ದುವುದನ್ನು ಮರೆಯಬಾರದು.

ಎರಡನೆಯದು ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಆವಿಯನ್ನು ಉರಿಸಲು ಎಂಜಿನ್ನಿಗೇ ಮರಳಿಸುವ ವಾಲ್ವ್) ಅಳವಡಿಸುವುದು. ಕ್ಯಾಲಿಫೋರ್ನಿಯಾ 1960ರ ದಶಕದ ಆರಂಭದಲ್ಲಿ ಇದನ್ನು ಕಡ್ಡಾಯಗೊಳಿಸಿದ್ದು ಹೊಗೆಯ ಕಾರಣಕ್ಕಾದರೂ ದೊಡ್ಡ ಲಾಭವಾದದ್ದು ಎಣ್ಣೆಗೆ. ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತವೇ ಎಳೆಯುವುದರಿಂದ, ಕಾರು ನಿಂತಿದ್ದರೂ ಆವಿ ಹೊರಹೋಗುತ್ತದೆ. ಒಳಗಿನ ಒತ್ತಡ ಇಳಿಯುವುದರಿಂದ ಹಿಂಬದಿಯ ಸೀಲಿನ ಸೋರಿಕೆಯೂ ತಗ್ಗುವುದುಂಟು. ಬೆಲೆ ತೆರಬೇಕಾದದ್ದು ಕಾರ್ಬ್ಯುರೇಟರಿನಲ್ಲಿ: ಹೆಚ್ಚುವರಿ ಗಾಳಿ ಸೇರುವುದರಿಂದ ಐಡಲ್ ಮಿಶ್ರಣವನ್ನು ಹೊಸದಾಗಿ ಹೊಂದಿಸಬೇಕು. ರಿಂಗ್ ಪೂರ್ತಿ ಸವೆದ ಎಂಜಿನ್ನಿಗೆ ಹಾಕಿದರೆ ಎಣ್ಣೆಯನ್ನೇ ಹೀರಿ ನೀಲಿ ಹೊಗೆ ಬಿಡುತ್ತದೆ. ಪೇಟೆಯ ಟ್ರಾಫಿಕ್ಕಿನಲ್ಲಿ ಸಣ್ಣ ಓಡಾಟಕ್ಕೆ ಕಾರು ಬಳಸುವವರು ಎಣ್ಣೆಗೆ ಹೆಚ್ಚು ಹಣ ಹಾಕುವ ಬದಲು ಇದಕ್ಕೆ ಹಾಕಲಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು, ಕೊಳವೆಯನ್ನು ಏರ್ ಕ್ಲೀನರಿಗೆ ಜೋಡಿಸುವುದು. ಕೆಲಸ ಸುಲಭ, ಎಳೆತ ದುರ್ಬಲ, ಏರ್ ಕ್ಲೀನರ್ ಜಿಡ್ಡಾಗುತ್ತದೆ.

ಫಿಲ್ಟರ್ ಬದಲಿಸಬೇಕೇ?

ಬೈಪಾಸ್ ಇರುವವರು ಪೂರ್ಣ ಹರಿವಿಗೆ ಬದಲಾಯಿಸುವುದು ಕೆಲವು ಎಂಜಿನ್ನುಗಳಲ್ಲಿ ಅಡಾಪ್ಟರ್ ಹಾಕುವಷ್ಟು ಸುಲಭ, ಕೆಲವುದರಲ್ಲಿ ಬ್ಲಾಕಿಗೆ ರಂಧ್ರ ಕೊರೆಯುವಷ್ಟು ದೊಡ್ಡ ಕೆಲಸ. ಎಂಜಿನ್ ಹೇಗೂ ಬಿಚ್ಚಿದ್ದರೆ ಮಾಡಿ, ಇಲ್ಲವಾದರೆ ಆ ಹಣವನ್ನು ಎಣ್ಣೆ ಬದಲಾವಣೆಗೆ ಇಡಿ. ಎರಡೂವರೆ ಲೀಟರ್ ಎಣ್ಣೆಯಲ್ಲಿ, ಫಿಲ್ಟರೇ ಇಲ್ಲದೆ ಬೀಟಲ್ ಅಷ್ಟು ವರ್ಷ ಬಾಳಿದ್ದು ಐದು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದ್ದರಿಂದ.

ನಿಮ್ಮದು ಯಾವ ಗುಂಪು?

ಎರಚು ಪದ್ಧತಿಯ ಎಂಜಿನ್ನಿನವರು ತೆಳು ಎಣ್ಣೆಯ ಕಡೆಗೇ ಇರಲಿ. ಸಂಪ್ ಮತ್ತು ಗುಳಿಗಳು ಸ್ವಚ್ಛವಿದ್ದರೆ ಡಿಟರ್ಜೆಂಟ್ ಇರುವ 10ಡಬ್ಲ್ಯು-30 ಹಾಕಲು ಅಂಜಬೇಕಿಲ್ಲ, ಆಗಾಗ ಬದಲಿಸುತ್ತಿದ್ದರೆ ಆಯಿತು.

ಪಂಪಿನ ಒತ್ತಡ, ಪೂರ್ಣ ಹರಿವಿನ ಫಿಲ್ಟರ್, ಚಪ್ಪಟೆ ಟ್ಯಾಪೆಟ್ ಇರುವ, ಒಂದಿಷ್ಟು ಸವೆದ ಎಂಜಿನ್ನಿಗೆ (ಮೋರಿಸ್ ಆಕ್ಸ್‌ಫರ್ಡ್, ಎಂಜಿಬಿ, ಅಂಬಾಸಡರ್‌ಗಳ ಬಿ-ಸೀರೀಸ್ ಎಂಜಿನ್ ಈ ಸಾಲಿಗೆ ಸೇರಿದ್ದು) ಖನಿಜ 20ಡಬ್ಲ್ಯು-50 ನೇರ ಉತ್ತರ. ಹಣದ ಒತ್ತಡವಿದ್ದರೆ ಡೀಸೆಲಿನ 15ಡಬ್ಲ್ಯು-40.

ಈಗಷ್ಟೇ ಕಟ್ಟಿದ ಎಂಜಿನ್ನಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಸಿಂಥೆಟಿಕ್ ಬೇಡ, ರಿಂಗುಗಳು ಕೂರುವುದು ತಡವಾಗುತ್ತದೆ. ಹೊಸ ಕ್ಯಾಮ್ ಹಾಕಿದ್ದರೆ ಉಬ್ಬುಗಳಿಗೆ ಜೋಡಣೆಯ ಪೇಸ್ಟ್ ಬಳಿದು, ಸ್ಟಾರ್ಟ್ ಆದ ತಕ್ಷಣ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಐಡಲ್‌ನಲ್ಲಿ ಬಿಟ್ಟು ಟೈಮಿಂಗ್ ಹೊಂದಿಸುತ್ತ ಕೂತರೆ ಎರಚಿ ಬರುವ ಎಣ್ಣೆ ಸಾಲದೆ ಕ್ಯಾಮ್ ಅಲ್ಲೇ ಕೆಡುತ್ತದೆ.

ಮಡ್ಡಿ ತುಂಬಿದ ಎಂಜಿನ್ನಿಗೆ ಎರಡೇ ದಾರಿ: ಸಂಪ್ ಇಳಿಸಿ, ಕೈಯಾರೆ ಕೆರೆದು, ಜರಡಿ ತೊಳೆದು, ಡಿಟರ್ಜೆಂಟ್ ಎಣ್ಣೆಗೆ ಬಂದು, ಮೊದಲ ಎರಡು ಬದಲಾವಣೆಗಳನ್ನು ಬೇಗ ಮಾಡುವುದು, ಅಥವಾ ಈವರೆಗೆ ಹಾಕುತ್ತಿದ್ದುದನ್ನೇ ಮುಂದುವರಿಸುವುದು. ನಡುವಿನ ಹಾದಿಯೆಂದು ಮಾರುವ ಫ್ಲಶಿಂಗ್ ದ್ರವಗಳನ್ನು ನಾನು ನಂಬುವುದಿಲ್ಲ. ಕರಗಿದ ಕೊಳೆ ಹೊರಗೆ ಬರುವ ಮೊದಲು ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ.

ವರ್ಷದಲ್ಲಿ ಕೆಲವೇ ತಿಂಗಳು ಓಡುವ ಕಾರಾದರೆ ಅದನ್ನು ನಿಲ್ಲಿಸಿಡುವ ಮುನ್ನವೇ ಎಣ್ಣೆ ಬದಲಿಸಿ, ಮತ್ತೆ ಹೊರತೆಗೆಯುವಾಗ ಅಲ್ಲ. ಬಳಸಿದ ಎಣ್ಣೆಯಲ್ಲಿನ ಆಮ್ಲ ತಿಂಗಳುಗಟ್ಟಲೆ ಬೇರಿಂಗನ್ನು ತಿನ್ನುತ್ತ ಕೂರುವುದು ಬೇಡ.

ಯಾವುದನ್ನೇ ಆರಿಸಿದರೂ ಮೊದಲ ಐನೂರು ಕಿಲೋಮೀಟರಿನಲ್ಲಿ ಡಿಪ್‌ಸ್ಟಿಕ್ಕನ್ನೂ ಒತ್ತಡದ ಮಾಪಕವನ್ನೂ ಗಮನಿಸಿ. ಬಿಸಿ ಎಂಜಿನ್ನಿನ ಒತ್ತಡ ಹಿಂದಿಗಿಂತ ದಿನೇ ದಿನೇ ಇಳಿಯುತ್ತಿದ್ದರೆ ಎಂಜಿನ್ ನಿಲ್ಲಿಸಿ ಜರಡಿ ನೋಡಿ. ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಡಿಪ್‌ಸ್ಟಿಕ್ಕನ್ನು ಮೂಸಿ. ಪೆಟ್ರೋಲಿನ ವಾಸನೆ ಬಂದರೆ ಬ್ಲಾಕಿಗೆ ಕೂರಿಸಿದ ಇಂಧನ ಪಂಪಿನ ಡಯಾಫ್ರಂ ಹರಿದಿರಬಹುದು. ಅದನ್ನು ಸರಿಪಡಿಸದೆ ಹೊಸ ಎಣ್ಣೆ ಹಾಕಬೇಡಿ.